ನರ ಸಿಗದಿದ್ದರೆ ಮೂಳೆಗೆ ಹೋಗಿ: ಭಾರಿ ರಕ್ತಸ್ರಾವದಲ್ಲಿ ಬೇರೆ ದಾರಿಗಳು

ರಕ್ತ ಜಾಸ್ತಿ ಹೋದಾಗ ಮೈ ತಾನೇ ಕೈಕಾಲಿನ ರಕ್ತನಾಳಗಳನ್ನು ಮುದುಡಿಸಿ, ಉಳಿದ ರಕ್ತವನ್ನು ಹೃದಯಕ್ಕೂ ಮಿದುಳಿಗೂ ಕಳಿಸುತ್ತದೆ. ಅದಕ್ಕೇ ಡ್ರಿಪ್ ಹಾಕಲೇಬೇಕಾದ ಹೊತ್ತಲ್ಲೇ ನರ ಸಿಗುವುದಿಲ್ಲ. ಈ ಬರಹ ತುರ್ತು ವಿಭಾಗದಲ್ಲಿ, ಆಂಬುಲೆನ್ಸಿನಲ್ಲಿ ಕೆಲಸ ಮಾಡುವವರಿಗೆ. ತರಬೇತಿ ಇಲ್ಲದವರು ದಯವಿಟ್ಟು ಸೂಜಿ ಮುಟ್ಟಬೇಡಿ. ಆಂಬುಲೆನ್ಸ್ ಕರೆಸಿ, ಗಾಯವನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಜೀವ ಉಳಿಸುವುದು ಅದೇ.

ನಿಮಗೂ ಮೊದಲ ಕೆಲಸ ಅದೇ ಅಲ್ವಾ? ಟೂರ್ನಿಕೆ (ರಕ್ತ ನಿಲ್ಲಿಸಲು ಕೈಕಾಲಿಗೆ ಕಟ್ಟುವ ಪಟ್ಟಿ) ಬಿಗಿಯದೆ, ಗಾಯಕ್ಕೆ ಗಾಜ್ ತುಂಬಿ ಒತ್ತದೆ ಸಲೈನ್ ಹರಿಸಿದರೆ ತೂತು ಕೊಡಕ್ಕೆ ನೀರು ಹೊಯ್ದಂತೆ.

ಮೊದಲ ಆಯ್ಕೆ ಮೊಣಕೈ ಮಡಿಕೆಯಲ್ಲಿ ದಪ್ಪ, ಗಿಡ್ಡ ಕ್ಯಾನುಲಾ (ನರದೊಳಗೆ ಹಾಕುವ ಕೊಳವೆ), 14 ಅಥವಾ 16 ಗೇಜ್. ಉದ್ದನೆಯ, ಸಣ್ಣ ತೂತಿನ ಸೆಂಟ್ರಲ್ ಲೈನ್‌ಗಿಂತ (ಹೃದಯದ ಬಳಿಯ ದೊಡ್ಡ ನರದವರೆಗೆ ಹೋಗುವ ಕೊಳವೆ) ಇದರಲ್ಲಿ ಹರಿವು ಜಾಸ್ತಿ. ಎರಡು ಸಲ ಚುಚ್ಚಿಯೂ ಸಿಗಲಿಲ್ಲವೇ? ಮೂರನೇ ಸಲ ಬೇಡ, ಮೂಳೆಗೆ ಹೋಗಿ.

ಮೂಳೆಯ ಮಜ್ಜೆಯಲ್ಲೂ ರಕ್ತನಾಳಗಳ ಜಾಲವಿದೆ. ಸುತ್ತ ಗಟ್ಟಿ ಗೋಡೆ ಇರುವುದರಿಂದ ಅದು ಶಾಕ್‌ನಲ್ಲೂ (ರಕ್ತ ಸಾಲದೆ ಮೈ ಕುಸಿದಾಗಲೂ) ಮುದುಡುವುದಿಲ್ಲ. ಎರಡನೇ ಮಹಾಯುದ್ಧದಲ್ಲೇ ಬಳಕೆಯಲ್ಲಿದ್ದ ದಾರಿ ಇದು. ದೊಡ್ಡವರಲ್ಲಿ ಮೊಣಕಾಲ ಚಿಪ್ಪಿನ ಕೆಳಗೆ ಕೈಗೆ ಸಿಗುವ ಉಬ್ಬಿನಿಂದ ಸುಮಾರು 2 ಸೆಂ.ಮೀ. ಒಳಬದಿಗೆ ಚಪ್ಪಟೆ ಜಾಗವಿದೆ, ಅಲ್ಲಿ ಹಾಕಿ. ಆದರೆ ಹೊಟ್ಟೆಗೋ ಸೊಂಟದ ಮೂಳೆಗೋ ಪೆಟ್ಟಾಗಿದ್ದರೆ ಕಾಲಿನಿಂದ ಕೊಟ್ಟದ್ದು ಮೇಲೆ ಬರುವ ದಾರಿಯಲ್ಲೇ ಸೋರಿಹೋಗಬಹುದು, ಆಗ ತೋಳಿನ ಮೂಳೆಯ ಮೇಲ್ತುದಿ ವಾಸಿ, ಅಲ್ಲಿ ಹರಿವೂ ಸಾಮಾನ್ಯವಾಗಿ ಜಾಸ್ತಿ. ಮುರಿದ ಮೂಳೆಗೆ ಬೇಡ. ಕಳೆದ 48 ಗಂಟೆಯಲ್ಲಿ ಚುಚ್ಚಿದ ಮೂಳೆಗೂ ಬೇಡ.

ಚರ್ಮ ಒರೆಸಿ. ಕಾಲಿನಲ್ಲಿ ಸೂಜಿಯನ್ನು 90 ಡಿಗ್ರಿಯಲ್ಲಿ ಮೂಳೆಗೆ ತಾಗುವವರೆಗೆ ಒಳಗಿಳಿಸಿ, ಆಮೇಲಷ್ಟೇ ಡ್ರಿಲ್ ಒತ್ತಿ. ತಡೆ ಸಡಿಲವಾದ ಕ್ಷಣ ನಿಲ್ಲಿಸಿ. ಸೂಜಿ ಹಿಡಿಯದೆ ತಾನೇ ನೆಟ್ಟಗೆ ನಿಂತರೆ ಸರಿಯಾಗಿ ಕೂತಿದೆ. ಸಿರಿಂಜಿನಿಂದ ಎಳೆದಾಗ ಮಜ್ಜೆ ಬರದಿದ್ದರೆ ಗಾಬರಿ ಬೇಡ, ಎಷ್ಟೋ ಸಲ ಬರುವುದಿಲ್ಲ. 5ರಿಂದ 10 ಎಂಎಲ್ ಸಲೈನನ್ನು ಜೋರಾಗಿ ತಳ್ಳಿ, ಇದನ್ನು ಬಿಟ್ಟರೆ ಡ್ರಿಪ್ ಓಡುವುದೇ ಇಲ್ಲ. ರೋಗಿಗೆ ಎಚ್ಚರವಿದ್ದರೆ ಈ ತಳ್ಳುವಿಕೆಯ ನೋವು ಚುಚ್ಚಿದ್ದಕ್ಕಿಂತ ಜಾಸ್ತಿ, ಹಾಗಾಗಿ ದೊಡ್ಡವರಿಗೆ ಮೊದಲೇ 40 ಮಿ.ಗ್ರಾಂ. ಲಿಡೋಕೇನ್ (ಮರಗಟ್ಟಿಸುವ ಔಷಧ, ಪ್ರಿಸರ್ವೇಟಿವ್ ಇಲ್ಲದ್ದು, ಅಲರ್ಜಿ ಕೇಳಿಕೊಂಡು) ಅದೇ ಸೂಜಿಯಿಂದ ನಿಧಾನಕ್ಕೆ ಕೊಡಿ. ನಂತರ ಪ್ರೆಶರ್ ಬ್ಯಾಗ್ (ಡ್ರಿಪ್ ಚೀಲವನ್ನು ಒತ್ತುವ ಗಾಳಿಪಟ್ಟಿ) 300 mmHgಗೆ ಏರಿಸಿ. ಮೀನಖಂಡ ಊದುತ್ತಿದೆಯೇ, ಬಿಗಿಯಾಗುತ್ತಿದೆಯೇ ಅಂತ ಆಗಾಗ ಮುಟ್ಟಿ ನೋಡಿ. ಊದಿದರೆ ತಕ್ಷಣ ನಿಲ್ಲಿಸಿ.

ಚರ್ಮದಡಿ ಕೊಟ್ಟರೆ ಶಾಕ್‌ನಲ್ಲಿ ಹೀರುವುದಿಲ್ಲ, ಗುದದ್ವಾರದಿಂದ ಕೊಡುವ ಹಳೆಯ ಪದ್ಧತಿ ತೀರಾ ನಿಧಾನ. ಎರಡನ್ನೂ ನಂಬಬೇಡಿ. ಪಾದದ ಗಂಟಿನ ಬಳಿ ಚರ್ಮ ಸೀಳಿ ರಕ್ತನಾಳ ಹುಡುಕುವುದು ಕೈ ಪಳಗಿದವರಿಗೆ ಮಾತ್ರ.

ದಾರಿ ಸಿಕ್ಕಿತು ಅಂತ ಸುಮ್ನೆ ಲೀಟರ್‌ಗಟ್ಟಲೆ ಸಲೈನ್ ಸುರಿಯಬೇಡಿ. ರಕ್ತ ತೆಳುವಾಗುತ್ತದೆ, ಮೈ ತಣ್ಣಗಾಗುತ್ತದೆ, ಹೆಪ್ಪುಗಟ್ಟುವುದು ಕೆಡುತ್ತದೆ. ಹೋಗಿರುವುದು ರಕ್ತ, ಕೊಡಬೇಕಾದದ್ದೂ ರಕ್ತವೇ, ಅದೂ ಬೆಚ್ಚಗೆ ಮಾಡಿ. ಅದು ಬರುವವರೆಗೆ ಸಲೈನನ್ನು 250 ಎಂಎಲ್‌ನಂತೆ ಕೊಡುತ್ತಾ ಮಣಿಕಟ್ಟಿನ ನಾಡಿ ಸಿಕ್ಕರೆ ಸಾಕು. ತಲೆಗೆ ಪೆಟ್ಟಾಗಿದ್ದರೆ ಮಾತ್ರ ಇಷ್ಟು ಕಡಿಮೆ ರಕ್ತದೊತ್ತಡ ಸಾಲದು. ಟ್ರಾನೆಕ್ಸಾಮಿಕ್ ಆಸಿಡ್ (ಹೆಪ್ಪು ಕರಗದಂತೆ ತಡೆಯುವ ಔಷಧ) ಪೆಟ್ಟಾದ 3 ಗಂಟೆಯೊಳಗೇ ಹೋಗಬೇಕು, ಮೂಳೆಯಿಂದಲೂ ಕೊಡಬಹುದು.

ಸೂಜಿ ಹಾಕಿದ ಸಮಯವನ್ನು ಟೇಪಿನ ಮೇಲೆ ಬರೆದು ಅಂಟಿಸಿ. 24 ಗಂಟೆಯೊಳಗೆ ತೆಗೆಯಲೇಬೇಕು, ಅಷ್ಟರೊಳಗೆ ದಪ್ಪನೆಯ ಲೈನ್ ಒಂದು ಸಿದ್ಧವಾಗಿರಲಿ.