ಹಳೆ ಸಿಸ್ಟಮ್‌ಗೆ ಲಿನಕ್ಸ್ ಹಾಕಿದೆ, ತಲೆನೋವು ಇದ್ದದ್ದು ನುಡಿ ಫೈಲುಗಳಲ್ಲಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತು. ಸಿಂಧನೂರಿನ ನನ್ನ ಟೈಪಿಂಗ್ ಅಂಗಡಿಯ ಎರಡೂ ಸಿಸ್ಟಮ್ ಇಂಟೆಲ್ ನಾಲ್ಕನೇ ಜನರೇಶನ್‌ನವು. ವಿಂಡೋಸ್ 11ಕ್ಕೆ ಎಂಟನೇ ಜನರೇಶನ್ ಬೇಕು, ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ಭದ್ರತಾ ಅಪ್‌ಡೇಟ್ ಇನ್ನೊಂದು ವರ್ಷ ಪಡೆಯುವ ದಾರಿ ಇತ್ತು. ಆದರೆ ಅದು ಬರೀ ಮುಂದೂಡಿಕೆ. ಓಡುವ ಸಿಸ್ಟಮ್ ಬಿಸಾಕಿ ಹೊಸದು ತರುವಷ್ಟು ದುಡ್ಡು ಅರ್ಜಿ, ಲೀಜ್ ಕರಾರು ಟೈಪ್ ಮಾಡುವ ಅಂಗಡಿಯಲ್ಲಿ ಹುಟ್ಟುವುದಿಲ್ಲ. ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿದೆ.

ಇನ್‌ಸ್ಟಾಲ್ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಮಿಂಟ್ ಅನ್ನು ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಬಹುದು, ಹಾರ್ಡ್‌ಡಿಸ್ಕ್ ಮುಟ್ಟಬೇಕಿಲ್ಲ. ಹಾಗೆ ಚಾಲೂ ಮಾಡಿ ಪ್ರಿಂಟರ್, ಸ್ಕ್ಯಾನರ್ ನಡೆಯುತ್ತವೋ ಇಲ್ಲವೋ ನೋಡಿಯೇ ಮುಂದುವರಿಯಿರಿ. ಕೆಲವು ಹಳೆ ಲೇಸರ್ ಪ್ರಿಂಟರ್‌ಗಳು ಲಿನಕ್ಸ್‌ನಲ್ಲಿ ಬಹಳ ಸತಾಯಿಸುತ್ತವೆ. 4 ಜಿಬಿ ರ್‍ಯಾಮ್ ಇದ್ದರೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಆವೃತ್ತಿ ಆರಿಸಿ. ಇದೇ ನೆಪದಲ್ಲಿ ನಾನು ಹಾರ್ಡ್‌ಡಿಸ್ಕ್‌ಗಿಂತ ವೇಗದ ಎಸ್‌ಎಸ್‌ಡಿಯನ್ನೂ ಹಾಕಿಸಿದೆ. ಈಗಿನ ವೇಗ ನೋಡಿ ಎಲ್ಲರೂ ಲಿನಕ್ಸ್ ಹೊಗಳುತ್ತಾರೆ. ಅರ್ಧಕ್ಕಿಂತ ಹೆಚ್ಚಿನ ಪುಣ್ಯ ಎಸ್‌ಎಸ್‌ಡಿಯದು.

ಮಿಂಟ್ ಜೊತೆಗೇ ವರ್ಡ್, ಎಕ್ಸೆಲ್ ಕೆಲಸ ಮಾಡುವ ಲಿಬ್ರೆಆಫೀಸ್ ಬರುತ್ತದೆ. ಇದರ ಮೂಲ ಜರ್ಮನಿಯ ಸ್ಟಾರ್‌ಆಫೀಸ್. ಸನ್ ಕಂಪನಿ 1999ರಲ್ಲಿ ಅದನ್ನು ಕೊಂಡಿತು, ಆಮೇಲೆ ಓಪನ್‌ಆಫೀಸ್ ಎಂದು ಎಲ್ಲರಿಗೂ ತೆರೆದಿಟ್ಟಿತು. ಸನ್ ಒರಾಕಲ್ ಕೈಗೆ ಹೋದ ಮೇಲೆ, 2010ರಲ್ಲಿ, ಅದನ್ನು ಕಟ್ಟುತ್ತಿದ್ದವರಲ್ಲಿ ಬಹಳ ಜನ ಹೊರಬಂದು ಲಿಬ್ರೆಆಫೀಸ್ ಶುರು ಮಾಡಿದರು. ಮೈಕ್ರೋಸಾಫ್ಟ್ ಆಫೀಸ್ 2007ರಲ್ಲಿ ಮೆನು ತೆಗೆದು ಬಟನ್‌ಗಳ ರಿಬ್ಬನ್ ತಂದಿತಲ್ಲ, ಇದರಲ್ಲಿ ಈಗಲೂ ಹಳೆ ಮೆನುಗಳೇ. ಆಫೀಸ್ 2003ರಲ್ಲಿ ಕಲಿತ ನನಗೆ ಅದೇ ಆರಾಮ.

ಅಸಲಿ ಕೆಲಸ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಮಾಡಿದ ಫೈಲುಗಳದ್ದು. ನಮ್ಮಲ್ಲಿ ಗಿರಾಕಿ ಬಂದು, "ಅಣ್ಣಾರ, ಹೋದ ವರ್ಷದ್ದ ಐತಲ್ರೀ, ಎಕರೆ ಮತ್ತ ತಾರೀಖು ಬದ್ಲಿ ಮಾಡಿ ಕೊಡ್ರಿ" ಅನ್ನುತ್ತಾನೆ. ಅಂಗಡಿಯ ಬಂಡವಾಳವೇ ಹಳೆ ಫೈಲು. ಅವನ್ನು ಮಿಂಟ್‌ನಲ್ಲಿ ತೆರೆದರೆ ಕನ್ನಡವೇ ಇಲ್ಲ. "ಕನ್ನಡ" ಅಂತ ಇದ್ದ ಕಡೆ ಒಂದು ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಗುರುತು. ಫೈಲ್ ಕೆಟ್ಟಿಲ್ಲ. ಹಳೆ ನುಡಿಯಲ್ಲಿ ಟೈಪ್ ಮಾಡಿದಾಗ ಒಳಗೆ ಉಳಿಯುವುದೇ ಆ ಇಂಗ್ಲಿಷ್ ಗುರುತುಗಳು. ಅವಕ್ಕೆ ಕನ್ನಡದ ರೂಪ ತೊಡಿಸುವುದು ಫಾಂಟ್. ನುಡಿ ಫಾಂಟ್ ಫೈಲುಗಳನ್ನು ಮಿಂಟ್‌ಗೆ ಹಾಕಿದ ತಕ್ಷಣ ಎಲ್ಲವೂ ಓದಲು ಬಂತು, ಪ್ರಿಂಟೂ ಸರಿಯಾಗಿ ಬಂತು.

ಓದಲು ಬಂದರೆ ಸಾಲದು, ತಿದ್ದಬೇಕು. ಅದಕ್ಕೆ ಯೂನಿಕೋಡ್, ಅಂದರೆ ಒಳಗೂ ಕನ್ನಡ ಅಕ್ಷರವೇ ಉಳಿಯುವ ರೂಪ, ಮಾಡಲೇಬೇಕು. ಎಲ್ಲ ಫೈಲನ್ನೂ ಬದಲಿಸಲು ಹೋಗಬೇಡಿ, ಸುಮ್ನೆ ಕಣ್ಣು ಹಾಳು. ಪದೇ ಪದೇ ಬೇಕಾಗುವ ನಮೂನೆಗಳನ್ನು ಮಾತ್ರ ಆರಿಸಿಕೊಂಡೆ: ಲೀಜ್ ಕರಾರು, ಬಾಡಿಗೆ ಕರಾರು, ಅಫಿಡವಿಟ್, ವಂಶಾವಳಿ. ಉಳಿದವು ಹಳೆ ಫಾಂಟಿನಲ್ಲೇ ಇರಲಿ, ಗಿರಾಕಿ ಬಂದಾಗ ನೋಡಿಕೊಂಡರಾಯಿತು. ಬದಲಿಸಿಕೊಡುವ ಕನ್ವರ್ಟರ್‌ಗಳು ಪುಕ್ಕಟೆ ಸಿಗುತ್ತವೆ. ಆದರೆ ಬಂದದ್ದನ್ನು ಒಮ್ಮೆ ಕಣ್ಣಾಡಿಸದೆ ಪ್ರಿಂಟ್ ಕೊಡುವಂತಿಲ್ಲ. ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡದ ಚೂರುಗಳಾಗುತ್ತದೆ. ಪ್ಯಾನ್ ನಂಬರಿನ ಅಕ್ಷರಗಳು ಹೀಗೇ ಹೋಗುತ್ತವೆ. ಅರ್ಕಾವತ್ತನ್ನೂ ನೋಡಬೇಕು. ನುಡಿಯಲ್ಲಿ ಅದು ಅಕ್ಷರದ ನಂತರ ಕೂಡುತ್ತದೆ, ಯೂನಿಕೋಡ್‌ನಲ್ಲಿ 'ರ' ಮೊದಲು ಬರಬೇಕು. ಕನ್ವರ್ಟರ್ ಈ ಜಾಗ ಬದಲಿಸದಿದ್ದರೆ "ವರ್ಷ", "ಅರ್ಜಿ" ಕೆಡುತ್ತವೆ. ಕರಾರಿನಲ್ಲಿ ಈ ಎರಡು ಪದ ಎಷ್ಟು ಸಲ ಬರುತ್ತವೆ ಅಂತ ಟೈಪ್ ಮಾಡುವವರಿಗೆ ಗೊತ್ತು.

ಹೊಸದಾಗಿ ಟೈಪ್ ಮಾಡಲು ಐಬಸ್ ಅನ್ನುವ ಲಿನಕ್ಸ್‌ನ ಟೈಪಿಂಗ್ ಸಾಧನದಲ್ಲಿ ಕೆಜಿಪಿ (ಕನ್ನಡ ಗಣಕ ಪರಿಷತ್ತು) ಲೇಔಟ್ ಇದೆ. ಕೆ. ಪಿ. ರಾವ್ ಅವರು ರೂಪಿಸಿದ ಅದೇ ಕೀಲಿಮಣೆ. ನುಡಿಗೆ ಒಗ್ಗಿದ ಬೆರಳಿಗೆ ಕಷ್ಟವಿಲ್ಲ.

ಲಿಬ್ರೆಆಫೀಸ್‌ನಲ್ಲಿ ಒಂದು ಸೆಟ್ಟಿಂಗ್ ಮಾತ್ರ ಮೊದಲೇ ಮಾಡಿಕೊಳ್ಳಿ. ಅದು ಇಂಗ್ಲಿಷ್‌ಗೆ ಒಂದು ಫಾಂಟ್, ಕನ್ನಡದಂಥ ಲಿಪಿಗೆ ಬೇರೊಂದು ಫಾಂಟ್ ಇಟ್ಟುಕೊಳ್ಳುತ್ತದೆ. ಸೈಜೂ ಬೇರೆ ಬೇರೆ. ನೀವು ಇಂಗ್ಲಿಷ್ ಸೈಜ್ 14 ಮಾಡಿದರೆ ಕನ್ನಡ 12ರಲ್ಲೇ ಕೂತಿರಬಹುದು. ಟೂಲ್ಸ್, ಆಪ್ಷನ್ಸ್‌ಗೆ ಹೋಗಿ ಭಾಷೆಯ ಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ (ಸಿಟಿಎಲ್) ಟಿಕ್ ಹಾಕಿ, ಕನ್ನಡ ಆರಿಸಿ. ಆಮೇಲೆ ವರ್ಡ್‌ನಂಥ ರೈಟರ್‌ನ ಬೇಸಿಕ್ ಫಾಂಟ್ಸ್‌ನಲ್ಲಿ ಸಿಟಿಎಲ್ ಅಂತ ಇರುವ ಕಡೆ ನೋಟೋ ಸಾನ್ಸ್ ಕನ್ನಡವನ್ನೋ ನಿಮಗೆ ಹಿಡಿಸಿದ ಬೇರೆ ಯೂನಿಕೋಡ್ ಫಾಂಟನ್ನೋ ಕೊಡಿ. ಹಳೆ ನುಡಿ ಫೈಲಿನ ಅಕ್ಷರವನ್ನು ಅದು ಇಂಗ್ಲಿಷ್ ಎಂದೇ ತಿಳಿಯುತ್ತದೆ ಅನ್ನುವುದೂ ನೆನಪಿರಲಿ.

ಹೊರಗಿನಿಂದ ಬರುವ ವರ್ಡ್ ಫೈಲುಗಳು ಚೆನ್ನಾಗಿಯೇ ತೆರೆಯುತ್ತವೆ. ಕ್ಯಾಲಿಬ್ರಿ ಬದಲಿಗೆ ಕಾರ್ಲಿಟೋ ಫಾಂಟ್ ಹಾಕಿಕೊಂಡರೆ ಅಕ್ಷರದ ಅಗಲ ಒಂದೇ ಆದ್ದರಿಂದ ಸಾಲು ಜರುಗುವುದಿಲ್ಲ. ಟೇಬಲ್ ತುಂಬಿದ ಅರ್ಜಿಗಳಲ್ಲಿ ಮಾತ್ರ ಒಮ್ಮೊಮ್ಮೆ ಸಾಲು ಮುಂದಿನ ಪುಟಕ್ಕೆ ಜಾರುತ್ತದೆ. ಗಿರಾಕಿಗೆ ಈಗ ಯಾವತ್ತೂ ಪಿಡಿಎಫ್ ಮಾಡಿಯೇ ಕೊಡುತ್ತೇನೆ.

ಎರಡನೇ ಸಿಸ್ಟಮ್‌ನಲ್ಲಿ ವಿಂಡೋಸ್ ತೆಗೆದಿಲ್ಲ, ಮಿಂಟ್ ಜೊತೆಗೆ ಉಳಿಸಿಕೊಂಡು ಇಂಟರ್ನೆಟ್ ಕೊಡದೆ ಇಟ್ಟಿದ್ದೇನೆ. ಮ್ಯಾಕ್ರೋ ತುಂಬಿದ ರೈಸ್ ಮಿಲ್‌ನ ಎಕ್ಸೆಲ್ ಲೆಕ್ಕ ಲಿಬ್ರೆಆಫೀಸ್‌ನ ಕ್ಯಾಲ್ಕ್‌ನಲ್ಲಿ ಪೂರ್ತಿ ನಡೆಯಲಿಲ್ಲ. ಮದುವೆ ಕಾರ್ಡಿನ ಪೇಜ್‌ಮೇಕರ್ ಫೈಲುಗಳೂ ಅಲ್ಲೇ ಇವೆ. ಲಿಬ್ರೆಆಫೀಸ್ ಡ್ರಾ ಅವನ್ನು ತೆರೆಯುತ್ತದೆ, ನಿಜ. ಆದರೆ ಪ್ರೆಸ್‌ಗೆ ಕಳಿಸುವ ಅಳತೆಗೆ ಅವು ನಿಲ್ಲುವುದಿಲ್ಲ. ಹೊಸ ಕಾರ್ಡುಗಳನ್ನು ಪೇಜ್‌ಮೇಕರ್‌ನಂಥದ್ದೇ ಆದ ಸ್ಕ್ರೈಬಸ್‌ನಲ್ಲಿ ಯೂನಿಕೋಡ್ ಫಾಂಟ್ ಇಟ್ಟು ಮಾಡುತ್ತಿದ್ದೇನೆ. ಹಳೆ ಡಿಸೈನೇ ಬೇಕು ಅನ್ನುವವರಿಗೆ ಆ ಸಿಸ್ಟಮ್ ಚಾಲೂ ಮಾಡುತ್ತೇನೆ.