ಹೆಚ್ಚುಕಡಿಮೆ ಜೇಡಿಮಣ್ಣಿಲ್ಲದೆ 401 ನೀಲಿ ಆಳುಗಳು: ಈಜಿಪ್ಟಿನ ಫಯಾನ್ಸ್ ಸುಟ್ಟ ನನ್ನ ಅನುಭವ

ಲೆಕ್ಕ ಮೊದಲೇ ಹೇಳಿಬಿಡುತ್ತೇನೆ: 365 ಆಳುಗಳು, 36 ಮೇಸ್ತ್ರಿಗಳು, ಒಟ್ಟು 401 ಬೊಂಬೆ. ಹಳೆಯ ಈಜಿಪ್ಟಿನವರು ಸತ್ತವರ ಜೊತೆ ಗೋರಿಯಲ್ಲಿಡುತ್ತಿದ್ದ ಉಶಬ್ತಿ ಬೊಂಬೆಗಳಿವು. ಎಲ್ಲವೂ ಫಯಾನ್ಸ್, ಅಂದರೆ ಬೆಣಚುಕಲ್ಲಿನ ಪುಡಿಗೆ ಸೋಡಾ, ತಾಮ್ರ ಬೆರೆಸಿ ಸುಟ್ಟ ನೀಲಿ ವಸ್ತು. ಒಂದಕ್ಕೂ ಗ್ಲೇಜ್ (ಗಾಜಿನ ಮೆರುಗು) ಬಳಿದಿಲ್ಲ, ಒಂದನ್ನೂ ಎರಡನೇ ಸಲ ಸುಟ್ಟಿಲ್ಲ. ಹಿಟ್ಟಿನೊಳಗಿನ ಸೋಡಾ ಒಣಗುವಾಗ ಮೈಮೇಲೆ ಬಂದು ಕೂತು, ಬೆಂಕಿಯಲ್ಲಿ ತಾನೇ ಗಾಜಾಗಿದೆ. ಮಣ್ಣಿನ ಕೆಲಸ ಬಲ್ಲವರೇ ಇದನ್ನು ಒಪ್ಪಿರಲಿಲ್ಲ. ಜೇಡಿ ಇಲ್ಲದ ಹಿಟ್ಟು ಅಚ್ಚಿನಿಂದ ಏಳುವುದಿಲ್ಲ, ಎದ್ದರೂ ಬಿರಿಯುತ್ತದೆ, ಬಿರಿಯದಿದ್ದರೂ ಮೈಯೆಲ್ಲ ಒಂದೇ ಬಣ್ಣ ಬರುವುದಿಲ್ಲ ಅಂದರು. ಮೂರೂ ಆದವು. ನಾಲ್ಕನೇ ಭಟ್ಟಿಯಿಂದ ಮೂರೂ ನಿಂತವು.

401 ಯಾಕೆ ಅಂದರೆ, ಈಜಿಪ್ಟಿನವರ ಲೆಕ್ಕವೇ ಅದು. ನೈಲ್ ನೆರೆ ಇಳಿದ ಮೇಲೆ ಒಡ್ಡು ಕಟ್ಟಬೇಕು, ಕಾಲುವೆ ಹೂಳೆತ್ತಬೇಕು. ಅದಕ್ಕೆ ಅರಸನ ಅಧಿಕಾರಿಗಳು ಊರಿನವರನ್ನು ಬಿಟ್ಟಿಗೆ ಕರೆಯುತ್ತಿದ್ದರು. ಸತ್ತ ಮೇಲೂ ಪರಲೋಕದ ದೇವರು ಒಸಿರಿಸನ ಹೊಲದಲ್ಲಿ ಇದೇ ಕರೆ ಬರುತ್ತದೆ ಅನ್ನುವುದು ಅವರ ನಂಬಿಕೆ. ಕರೆ ಬಂದಾಗ ಸತ್ತವನ ಬದಲಿಗೆ ಎದ್ದು ‘ಇಗೋ, ನಾನಿದ್ದೇನೆ’ ಅನ್ನಬೇಕಾದ ಬೊಂಬೆಯೇ ಉಶಬ್ತಿ. ಅದರ ಮಂತ್ರದಲ್ಲಿ ಕೆಲಸದ ಪಟ್ಟಿಯೂ ಇದೆ: ಹೊಲ ಮಾಡುವುದು, ದಡಗಳಿಗೆ ನೀರು ಕಟ್ಟುವುದು, ಪೂರ್ವದ ಮರಳನ್ನು ಪಶ್ಚಿಮಕ್ಕೆ ಹೊರುವುದು. ದಿನಕ್ಕೊಬ್ಬ ಆಳು, ಅವರ ವಾರ ಹತ್ತು ದಿನದ್ದಾದ್ದರಿಂದ ಹತ್ತು ಆಳಿಗೊಬ್ಬ ಚಾವಟಿ ಹಿಡಿದ ಮೇಸ್ತ್ರಿ. ಅರಸ ತುತಾಂಖಾಮುನ್ ಗೋರಿಯಲ್ಲಿ ಸಿಕ್ಕಿದ್ದು 413. ಅಂದರೆ 365, 36, ಜೊತೆಗೆ ತಿಂಗಳಿಗೊಬ್ಬನಂತೆ 12 ಮೇಲಧಿಕಾರಿಗಳು. ಬದುಕಿದ್ದಾಗ ಎಲ್ಲರನ್ನೂ ಬಿಟ್ಟಿಗೆ ಕರೆಯುತ್ತಿದ್ದ ಅರಸನಿಗೂ ಅಲ್ಲಿ ಬಿಟ್ಟಿ ತಪ್ಪುವುದಿಲ್ಲ ಎಂಬ ಈ ಮಾತು ನನ್ನನ್ನು ಬಹಳ ಹಿಡಿದಿಟ್ಟಿತು. ಕೈಗೆ ಹತ್ತಿಸಿಕೊಂಡರೆ ಪೂರಾ ಒಂದು ಸೆಟ್ಟೇ ಮಾಡಬೇಕು ಅನ್ನಿಸಿದ್ದು ಅದಕ್ಕೇ.

ಈಗ ಹಿಟ್ಟು. ಒಂದು ಕೆ.ಜಿ. ಬೆಣಚುಕಲ್ಲಿನ ಪುಡಿಗೆ ನಾನು ನಿಂತ ಅಳತೆ ಇದು: 200 ಮೆಶ್ (ಜರಡಿಯ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಪುಡಿ ನುಣುಪು) ಪುಡಿ 700 ಗ್ರಾಂ, 300 ಮೆಶ್ 300 ಗ್ರಾಂ, ಸೋಡಾ ಆ್ಯಶ್ (ನೀರಿಲ್ಲದ ವಾಷಿಂಗ್ ಸೋಡಾ) 35, ಅಡುಗೆ ಸೋಡಾ 45, ಚಾಕ್ ಪುಡಿ 25, ಬೆಂಟೊನೈಟ್ (ಹಿಟ್ಟಿನಲ್ಲಿ ಜೇಡಿ ಅನ್ನುವುದು ಇದಿಷ್ಟೇ) 15, ತಾಮ್ರದ ಕಾರ್ಬೊನೇಟ್ 25 ಗ್ರಾಂ. ನೀರು 200 ಮಿ.ಲೀ. ಆಸುಪಾಸು, ಒಮ್ಮೆಲೇ ಸುರಿಯಬಾರದು. ಇಷ್ಟರಲ್ಲಿ 10 ಸೆಂ.ಮೀ. ಎತ್ತರದ ಬೊಂಬೆ 14 ಬರುತ್ತವೆ, ಹಸಿ ತೂಕ ತಲಾ 85–90 ಗ್ರಾಂ. ಒಂದೇ ಮೆಶ್ ಪುಡಿ ಹಾಕಿದರೆ ಕಣಗಳು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ, ಬೊಂಬೆಯ ಮೂಗು ಮೊದಲು ಉದುರುತ್ತದೆ. ಕಬ್ಬಿಣದ ಒರಳಲ್ಲಿ ಕುಟ್ಟಿದ ಪುಡಿ ಬೇಡ. ಕಬ್ಬಿಣ ಸೇರಿದರೆ ನೀಲಿ ಹಸಿರಿಗೆ ತಿರುಗುತ್ತದೆ. ಸಂಶಯವಿದ್ದರೆ ಅಯಸ್ಕಾಂತ ಆಡಿಸಿ ನೋಡಿ. ಮಾಸ್ಕ್ ಇಲ್ಲದೆ ಈ ಪುಡಿಯ ಚೀಲ ಬಿಚ್ಚಲೇಬೇಡಿ. ಬೆಣಚುಕಲ್ಲಿನ ಧೂಳು ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ.

ಈಜಿಪ್ಟಿನವರ ಸೋಡಾ ವಾಡಿ ನಟ್ರುನ್ ಎಂಬ ಕಣಿವೆಯ ಕೆರೆಗಳಿಂದ ಬರುತ್ತಿತ್ತು. ಬೇಸಿಗೆಗೆ ನೀರು ಆರಿ ದಡದಲ್ಲಿ ಕಟ್ಟಿಕೊಳ್ಳುವ ನಟ್ರಾನ್ ಅದು. ಹೆಣ ಒಣಗಿಸಲೂ ಅದೇ, ಫಯಾನ್ಸ್‌ಗೂ ಅದೇ. ನಟ್ರಾನ್‌ನಲ್ಲಿ ಕಾರ್ಬೊನೇಟು, ಬೈಕಾರ್ಬೊನೇಟು ಎರಡೂ ಇರುತ್ತವೆ, ಸ್ವಲ್ಪ ಉಪ್ಪೂ ಇರುತ್ತದೆ. ಬರೀ ಸೋಡಾ ಆ್ಯಶ್ ಹಾಕಿದ ಸರದಿಯಲ್ಲಿ ಮೈಮೇಲೆ ದಪ್ಪ ಹರಳು ಗಂಟುಗಂಟಾಗಿ ಕಟ್ಟಿ, ಸುಟ್ಟಾಗ ಅಲ್ಲಲ್ಲಿ ತೊಟ್ಟಿಕ್ಕಿತು. ಎರಡನ್ನೂ ಬೆರೆಸಿದ ಮೇಲೆ ಹಿಟ್ಟು ಚಿಮುಕಿಸಿದಂಥ ಸಣ್ಣ ಪದರ ಬಂತು. ಅಂಗಡಿಯ ವಾಷಿಂಗ್ ಸೋಡಾ ಹರಳು ಕೊಂಡರೆ ಎಚ್ಚರ: ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಮೊದಲ ಭಟ್ಟಿ ಪುಡಿಪುಡಿಯಾಗಿ ಬಂದದ್ದು ಇದರಿಂದಲೇ. 35 ಗ್ರಾಂ ಹಾಕಿದೆ ಅಂದುಕೊಂಡರೆ ಒಳಗೆ ಹೋದ ಸೋಡಾ 13 ಗ್ರಾಂ. ಬಾಣಲೆಯಲ್ಲಿ ನೀರಾರುವವರೆಗೆ ಹುರಿದು, ಆಮೇಲೆ ತೂಗಬೇಕು.

ತಾಮ್ರದ ಕಾರ್ಬೊನೇಟು ಲ್ಯಾಬ್ ಅಂಗಡಿಯಲ್ಲಿ ದುಬಾರಿ. ನಾನು ತೋಟಕ್ಕೆ ಬೋರ್ಡೋ ದ್ರಾವಣ ಮಾಡುವ ಮೈಲುತುತ್ತದಿಂದ ಇಳಿಸಿಕೊಂಡೆ. ಒಂದು ಕೆ.ಜಿ. ಮೈಲುತುತ್ತ ಬಿಸಿನೀರಲ್ಲಿ ಕರಗಿಸಿ, ಬೇರೆ ಬಕೆಟ್ಟಿನಲ್ಲಿ ಸುಮಾರು 450 ಗ್ರಾಂ ಸೋಡಾ ಆ್ಯಶ್ ಕರಗಿಸಿ, ಎರಡನೆಯದನ್ನು ಮೊದಲನೆಯದಕ್ಕೆ ಸಣ್ಣ ಧಾರೆಯಾಗಿ ಬಿಡಬೇಕು. ನೊರೆ ಉಕ್ಕುತ್ತದೆ, ಆದ್ದರಿಂದ ಬಕೆಟ್ ಅರ್ಧ ಮಾತ್ರ ತುಂಬಿರಲಿ. ಪ್ಲಾಸ್ಟಿಕ್ಕೇ ಇರಲಿ, ಕಬ್ಬಿಣದ ಬಕೆಟ್ಟಾದರೆ ತಾಮ್ರ ಅದಕ್ಕೇ ಮೆತ್ತಿಕೊಳ್ಳುತ್ತದೆ. ತಳ ಕಂಡ ಹಸಿರು-ನೀಲಿ ಗಸಿಯನ್ನು ಐದು ಸಲ ನೀರು ಬದಲಿಸಿ ತೊಳೆದು ಬಟ್ಟೆಯಲ್ಲಿ ಸೋಸಿದರೆ 400 ಗ್ರಾಂ ಹತ್ತಿರ ಸಿಗುತ್ತದೆ. ತೊಳೆಯುವುದರಲ್ಲಿ ಸೋಮಾರಿತನ ಮಾಡಿದರೆ ಉಳಿದ ಸಲ್ಫೇಟು ಗ್ಲೇಜ್ ಮೇಲೆ ಬಿಳಿ ಕೆನೆಯಾಗಿ ನಿಲ್ಲುತ್ತದೆ. ಚೆಲ್ಲುವ ನೀರಲ್ಲಿ ನೀಲಿ ಉಳಿದಿದ್ದರೆ ಇನ್ನಷ್ಟು ಸೋಡಾ ಹಾಕಿ ತಿಳಿಯಾಗಿಸಿ; ಕೆರೆ-ಚರಂಡಿಗೆ ಹಾಗೇ ಬಿಟ್ಟರೆ ಮೀನಿಗೆ ವಿಷ.

ಹಿಟ್ಟಿನ ಗುಣ ಕೈಗೆ ಹತ್ತಲು ಸಮಯ ಬೇಕು. ಒತ್ತಿದರೆ ಗಟ್ಟಿ, ಬಿಟ್ಟರೆ ಹರಡುತ್ತದೆ, ಬಾಗಿಸಿದರೆ ತಟ್ಟನೆ ಬಿರಿಯುತ್ತದೆ. ಚಕ್ರಕ್ಕೆ ಬರುವುದಿಲ್ಲ. ಈಜಿಪ್ಟಿನವರೂ ಅಚ್ಚಿಗೇ ಹೋದದ್ದು. ಅವರ ಹಳೆಯ ರಾಜಧಾನಿ ಅಮರ್ನಾದಲ್ಲಿ ಉಂಗುರ, ಮಣಿ ಒತ್ತುವ ಮಣ್ಣಿನ ಅಚ್ಚುಗಳು ಸಾವಿರಗಟ್ಟಲೆ ಸಿಕ್ಕಿವೆ. ಅಂಟಿಗೆ ಕರಿಜಾಲಿ ಮರದ ಗೋಂದು ಬಳಸಿದೆ. ನೈಲ್ ದಡದಲ್ಲೂ ಅದೇ ಮರ ಬೆಳೆಯುತ್ತದೆ, ಅದರ ಸಸ್ಯಶಾಸ್ತ್ರದ ಹೆಸರಲ್ಲೇ ‘ನೈಲೋಟಿಕಾ’ ಇದೆ. ಕೆ.ಜಿ.ಗೆ ಹತ್ತು ಗ್ರಾಂ ದಾಟಿದರೆ ಅಂಟಿನ ಪೊರೆ ಸೋಡಾಕ್ಕೆ ಅಡ್ಡ ಕಟ್ಟುತ್ತದೆ. ಗೋಂದಿನ ಜೊತೆ ಇನ್ನೊಂದು ಅಡುಗೆಮನೆಯ ಪದಾರ್ಥ ಚಿಟಿಕೆಯಷ್ಟು ಬೀಳುತ್ತದೆ, ಅದರ ಹೆಸರು ನನ್ನಲ್ಲೇ ಇರಲಿ. ಅದಿಲ್ಲದೆಯೂ ಹತ್ತರಲ್ಲಿ ಎಂಟು ಬೊಂಬೆ ಸರಿಯಾಗಿ ಏಳುತ್ತವೆ.

ಪ್ಲಾಸ್ಟರ್ ಅಚ್ಚು ಇಲ್ಲಿ ಶತ್ರು. ಎರಡನೇ ಭಟ್ಟಿ ಹಾಳಾದದ್ದು ಅದರಿಂದ. ಪ್ಲಾಸ್ಟರ್ ಸೋಡಾ ನೀರನ್ನು ಹೀರಿಕೊಂಡಿತು. ಬೊಂಬೆಯ ಬೆನ್ನು ಹೊಳೆಯಿತು, ಮುಖ ಬೋಳಾಯಿತು. ಹತ್ತು ಸಲ ಒತ್ತುವಷ್ಟರಲ್ಲಿ ಅಚ್ಚೂ ಬಿಸ್ಕತ್ತಿನಂತೆ ಪುಡಿಯಾಯಿತು. ಸುಟ್ಟ ಮಣ್ಣಿನ ಅಚ್ಚಿಗೆ ಎಣ್ಣೆ ತೆಳ್ಳಗೆ ಒರೆಸಿ, ಒಣ ಬೆಣಚು ಪುಡಿ ಉದುರಿಸಿ ಒತ್ತಿ ತಕ್ಷಣ ಬೋರಲು ಹಾಕಬೇಕು. ಒಳಗೆ ಬಿಟ್ಟು ಚಹಾ ಕುಡಿಯಲು ಹೋಗುವಂತಿಲ್ಲ. ಆಳಿಗೆ ಒಂದು ಅಚ್ಚು: ಮಮ್ಮಿಯಂತೆ ಸುತ್ತಿದ ಮೈ, ಎದೆಯ ಮೇಲೆ ಎರಡು ಗುದ್ದಲಿ. ಮೇಸ್ತ್ರಿಗೆ ಇನ್ನೊಂದು: ಬದುಕಿರುವವರ ಉಡುಗೆ, ಮುಂದಕ್ಕೆ ಚಾಚಿದ ಸೊಂಟದ ಬಟ್ಟೆ, ಕೈಯಲ್ಲಿ ಚಾವಟಿ, ಒಂದು ತೋಳು ಮೈಗಂಟಿ ಇಳಿಬಿಟ್ಟದ್ದು. ವರ್ಗಭೇದ ಉಡುಗೆಯಲ್ಲೇ ಕಾಣುತ್ತದೆ, ಆದ್ದರಿಂದ ಆ ಚಾಚಿದ ಬಟ್ಟೆಯ ಅಂಚನ್ನು ಮೊಂಡಾಗಿಸದೆ ಚೂಪಾಗಿಯೇ ಉಳಿಸಿಕೊಂಡೆ. ಮುರಿದ ಮೇಸ್ತ್ರಿಗಳೆಲ್ಲ ಅಲ್ಲೇ ಮುರಿದರು.

ಕಪ್ಪು ಗೆರೆಗೆ ಮ್ಯಾಂಗನೀಸ್ ಡೈಆಕ್ಸೈಡ್. ತಲೆಪಟ್ಟಿ, ಕಣ್ಣು, ಬೆನ್ನಿನ ಬೀಜದ ಚೀಲ, ಎದುರಿನ ಅಕ್ಷರದ ಸಾಲು ಎಲ್ಲವನ್ನೂ ಅಚ್ಚಿನಿಂದ ಎತ್ತಿದ ಒಂದು ತಾಸಿನೊಳಗೆ ಬರೆದು ಮುಗಿಸಿ. ಬಿಳಿ ಪದರ ಎದ್ದ ಮೇಲೆ ಒದ್ದೆ ಕುಂಚ ತಾಗಿದರೆ ಗೆರೆಯ ಸುತ್ತ ಸೋಡಾ ತೊಳೆದುಹೋಗಿ ಬೂದು ಮಚ್ಚೆ ಉಳಿಯುತ್ತದೆ.

ಇಲ್ಲಿಂದ ಮುಂದಿನದೇ ನಿಜವಾದ ಕೆಲಸ: ಒಣಗಿಸುವುದು. ಚೌಳು ಹೊಲ ನೋಡಿದವರಿಗೆ ವಿವರಿಸಬೇಕಿಲ್ಲ. ನೀರು ಆರುತ್ತ ಉಪ್ಪನ್ನು ಮೇಲಕ್ಕೆ ಎಳೆದು ತಂದು ಬಿಳಿಯಾಗಿ ಬಿಟ್ಟು ಹೋಗುತ್ತದೆ. ನೈಲ್ ಬಯಲಿನ ಹೊಲಗಳನ್ನು ಪ್ರತಿವರ್ಷದ ನೆರೆ ತೊಳೆದು ಚೌಳಾಗದಂತೆ ಕಾಯುತ್ತಿತ್ತು. 1970ರಲ್ಲಿ ಅಸ್ವಾನ್ ದೊಡ್ಡ ಅಣೆಕಟ್ಟು ಮುಗಿದ ಮೇಲೆ ಆ ತೊಳೆಯುವಿಕೆ ನಿಂತು, ಚೌಳು ಅಲ್ಲಿನ ರೈತರ ದೊಡ್ಡ ತಲೆನೋವಾಗಿದೆ. ಹೊಲಕ್ಕೆ ಕೇಡಾದ ಆ ಬಿಳಿಯೇ ಫಯಾನ್ಸ್‌ಗೆ ಜೀವ. ಮಳೆಯೇ ಇಲ್ಲದ ದಕ್ಷಿಣ ಈಜಿಪ್ಟಿನ ಗಾಳಿಯಲ್ಲಿ ಅದು ಸಲೀಸಾಗಿ ಏಳುತ್ತಿತ್ತು. ನಮ್ಮ ಜುಲೈನಲ್ಲಿ ಏಳುವುದಿಲ್ಲ. ಮೂರನೇ ಭಟ್ಟಿ ನಾನು ಮಳೆಗಾಲದಲ್ಲಿ ಹಾಕಿದ್ದು. ಐದು ದಿನವಾದರೂ ಬೊಂಬೆ ಒದ್ದೆ, ಎದ್ದ ಅಷ್ಟಿಷ್ಟು ಪದರವೂ ಬೆವರಿ ಕೆಳಗಿಳಿಯಿತು. ಜನವರಿಯಿಂದ ಮಾರ್ಚ್ ಒಳಗೆ ಮಾಡಿದ್ದು ಮಾತ್ರ ದಕ್ಕಿತು. ಇಥಿಯೋಪಿಯದ ಬೆಟ್ಟಗಳ ಮೇಲೆ ಸುರಿದು ನೈಲ್ ಉಕ್ಕಿಸುವುದೂ ನಮ್ಮ ಮುಂಗಾರಿನ ಕಾಲದ ಮಳೆಯೇ. ಆದರೆ ಅಲ್ಲಿಗೆ ನೀರು ಹೊಳೆಯಲ್ಲಿ ಬರುತ್ತದೆ, ಗಾಳಿಯಲ್ಲಿ ಬರುವುದಿಲ್ಲ.

ಬೊಂಬೆಯನ್ನು ಬೆನ್ನಡಿಯಾಗಿ ಮೂರು ಬಿದಿರು ಕಡ್ಡಿಗಳ ಮೇಲೆ ಮಲಗಿಸಿ, ಎರಡು ದಿನ ಮುಟ್ಟಬಾರದು. ಗಾಳಿ ಎಲ್ಲಿ ಹೆಚ್ಚು ತಾಗುತ್ತದೋ ಸೋಡಾ ಅಲ್ಲೇ ಸೇರುತ್ತದೆ. ಫ್ಯಾನ್ ನೇರ ಬಿಟ್ಟರೆ ಒಂದು ಕೆನ್ನೆ ದಪ್ಪ ನೀಲಿ, ಇನ್ನೊಂದು ಮಂಕು. ಫ್ಯಾನನ್ನು ಗೋಡೆಗೆ ತಿರುಗಿಸಿ, ತಟ್ಟೆಯನ್ನು ನಾಲ್ಕು ತಾಸಿಗೊಮ್ಮೆ ಕಾಲು ಸುತ್ತು ತಿರುಗಿಸಿದೆ. ಬೆರಳು ತಾಗಿದ ಜಾಗ ಸುಟ್ಟ ಮೇಲೆ ಬೆರಳಿನದೇ ಆಕಾರದಲ್ಲಿ ಬೋಳಾಗಿರುತ್ತದೆ.

ಸುಡುವುದು: 100 ಡಿಗ್ರಿಯ ಕೆಳಗೆ ಎರಡು ತಾಸು, 600ರವರೆಗೆ ತಾಸಿಗೆ 100ರಂತೆ, ಅಲ್ಲಿಂದ ಬೇಗ ಬೇಗ 930ಕ್ಕೆ, 20 ನಿಮಿಷ ನಿಲ್ಲಿಸಿ ಬಂದ್. ಒಳಗೆ ತೇವ ಉಳಿದಿದ್ದರೆ ಪದರ ಚಟಪಟ ಸಿಡಿಯುತ್ತದೆ. 573ರಲ್ಲಿ ಬೆಣಚು ಹಿಗ್ಗುತ್ತದೆ, ಅಲ್ಲಿ ಅವಸರ ಬೇಡ, ಇಳಿಯುವಾಗಲೂ ಅಷ್ಟೇ. 960 ದಾಟಿದರೆ ಮುಖ ಕರಗಿ ಬೊಂಬೆ ತಳಕ್ಕಂಟುತ್ತದೆ. ಬೆನ್ನಿಗೆ ಅಲ್ಯೂಮಿನಾ ಮತ್ತು ಸುಣ್ಣದ ಪುಡಿಯ ಹಾಸು ಬೇಕೇಬೇಕು. ಸೋಡಾ ಆವಿ ಕರೆಂಟ್ ಭಟ್ಟಿಯ ಕಾಯಿಲ್ ತಿನ್ನುತ್ತದೆ. ಆರನೇ ಭಟ್ಟಿಗೆ ನನ್ನದು ತುಂಡಾಗಿ 4,500 ರೂಪಾಯಿ ಹೋಯಿತು. ಆಮೇಲಿನದನ್ನೆಲ್ಲ ಮುಚ್ಚಳವಿರುವ ಸಗ್ಗರ್ ಪೆಟ್ಟಿಗೆಯೊಳಗೇ ಸುಟ್ಟೆ.

ನಡುವೆ ಬೇರೆ ದಾರಿಗಳನ್ನೂ ನೋಡಿದೆ. ಬಾಳೆದಿಂಡಿನ ಬೂದಿಯಿಂದ ಸೋಡಾದ ಕೆಲಸ ಆಗುತ್ತದೆಯೇ ಅಂತ ಒಂದು ಸರದಿ ಹಾಕಿದೆ. ಅದರಲ್ಲಿರುವುದು ಬಹುಪಾಲು ಪೊಟ್ಯಾಶ್. ಗಾಳಿಯ ತೇವ ಕುಡಿದು ಜಿಗುಟಾಯಿತು, ಬಿಳಿ ಏಳಲೇ ಇಲ್ಲ. ಇರಾನಿನ ಕೊಮ್ ಊರಿನಲ್ಲಿ ಕತ್ತೆಗಳಿಗೆ ಕಟ್ಟುವ ನೀಲಿ ಮಣಿಗಳನ್ನು ಸುಣ್ಣ, ಬೂದಿ, ಇದ್ದಿಲು, ತಾಮ್ರ ಬೆರೆಸಿದ ಪುಡಿಯಲ್ಲಿ ಹೂತು ಸುಡುತ್ತಿದ್ದ ರೀತಿ 1960ರ ದಶಕದಲ್ಲಿ ದಾಖಲಾಗಿದೆ. ಅದನ್ನೂ ಮಾಡಿದೆ. ಮಣಿಗೆ ಅದ್ಭುತ, ಸುತ್ತಲೂ ಒಂದು ಕಲೆಯಿಲ್ಲದ ಮೆರುಗು. ಉಶಬ್ತಿಗೆ ಆಗದು, ಗುದ್ದಲಿಯ ಸಂದಿಯಲ್ಲಿ ಪುಡಿ ಕಚ್ಚಿಕೊಳ್ಳುತ್ತದೆ.

ನೆನಪಿದ್ದಂತೆ ಖರ್ಚು: ಬೆಣಚು ಪುಡಿ 40 ಕೆ.ಜಿ.ಗೆ 900 ರೂಪಾಯಿ, ಸೋಡಾಗಳಿಗೆ 300, ಮೈಲುತುತ್ತಕ್ಕೆ 900, 15 ಭಟ್ಟಿಗೆ ಕರೆಂಟ್ 3,600, ಕಾಯಿಲ್ 4,500, ಚಿಲ್ಲರೆ 1,500. ಹಾಳಾದ 120 ಚಿಲ್ಲರೆ ಬೊಂಬೆಗಳನ್ನು ಸೇರಿಸಿಕೊಂಡೇ, ಕೂಲಿ ಬಿಟ್ಟು, ಉಳಿದದ್ದಕ್ಕೆ ತಲಾ 30 ರೂಪಾಯಿಯೊಳಗೆ ಬಿತ್ತು. ಅಗ್ಗ ಅನ್ನುವುದೇ ಈ ವಸ್ತುವಿನ ಇತಿಹಾಸ. ಫಿರೋಜಾ ಕಲ್ಲಿನ (ಟರ್ಕ್ವಾಯ್ಸ್) ಹಸಿರು-ನೀಲಿಗೆ ಸಿನಾಯ್ ಗಣಿಗೆ ದಂಡು ಹೋಗಬೇಕಿತ್ತು, ಗಾಢ ನೀಲಿಯ ಲಾಜವರ್ದಿ ಕಲ್ಲು ದೂರದ ಅಫ್ಘಾನಿಸ್ತಾನದ ಬದಕ್‌ಶಾನ್‌ನಿಂದ ಬರಬೇಕಿತ್ತು. ಫಯಾನ್ಸ್ ಆ ಬಣ್ಣವನ್ನು ಮರಳಿನಿಂದಲೇ ಕೊಟ್ಟಿತು. ಜೋಸರ್ ಅರಸನ ಮೆಟ್ಟಿಲು ಪಿರಮಿಡ್ಡಿನ ಕೆಳಗಿನ ಕೋಣೆಗಳಿಗೆ ಸುಮಾರು 36,000 ನೀಲಿ ಬಿಲ್ಲೆಗಳು ಬೇಕಾದವು. ಮುಂದೆ ಅದೇ ಮೆರುಗು ಸಾಮಾನ್ಯರ ಕೊರಳ ಮಣಿಗೂ ಇಳಿಯಿತು. ಅದೂ ಎಟುಕದವರು ಹಸಿಮಣ್ಣಿನ ಉಶಬ್ತಿ ಇಟ್ಟರು.

ಒಂದು ಮಾತು ಬಾಕಿ. ಕಡಿಮೆ ಬೆಂದ ಬೊಂಬೆಯಲ್ಲಿ ಉಳಿದ ಉಪ್ಪು ಮೊದಲ ಮಳೆಗಾಲಕ್ಕೆ ಬಿಳಿ ಹೊಟ್ಟಿನಂತೆ ಹೊರಬರುತ್ತದೆ. ಒರೆಸಿದರೆ ಮತ್ತೆ ಬರುತ್ತದೆ. ಮೂರು ದಿನ ಸಿಹಿನೀರಲ್ಲಿ ನೆನೆಹಾಕಿ, ದಿನಕ್ಕೆರಡು ಸಲ ನೀರು ಬದಲಿಸಿ, ನೆರಳಲ್ಲಿ ಆರಿಸಿ. ನನ್ನ 401ರಲ್ಲಿ 22ಕ್ಕೆ ಹೀಗೆ ಮಾಡಬೇಕಾಯಿತು, ಎಲ್ಲವೂ ಭಟ್ಟಿಯ ಬಾಗಿಲ ಕಡೆಯ ತಂಪು ಸಾಲಿನವು.