ಅಪ್ಪ-ಅಮ್ಮನ ಐ-539: ಅಮೆರಿಕದಲ್ಲಿ ಬಿ-2 ವಾಸ ವಿಸ್ತರಣೆಯ ಕಡತ ನಾನು ಜೋಡಿಸಿದ ಬಗೆ

ಬಿ-2 ಎಂದರೆ ಪ್ರವಾಸಿ ವೀಸಾ; ಅದರಲ್ಲಿ ಬಂದವರು ವಾಸ ವಿಸ್ತರಿಸಲು ಹಾಕುವ ಅರ್ಜಿಯೇ ಐ-539. ಪಾಸ್‌ಪೋರ್ಟಿನಲ್ಲಿರುವ ವೀಸಾ ಹತ್ತು ವರ್ಷದ್ದಿರಬಹುದು, ಆದರೆ ಎಷ್ಟು ದಿನ ಇರಬಹುದೆಂದು ತೀರ್ಮಾನಿಸುವುದು ಐ-94, ಅಂದರೆ ದೇಶದೊಳಗೆ ಬಂದಾಗ ಆಗುವ ಪ್ರವೇಶ ದಾಖಲೆ. ಹಾಗಾಗಿ ಮೊದಲು ಸಿಬಿಪಿ (ಅಮೆರಿಕದ ಗಡಿ ತಪಾಸಣೆ ಇಲಾಖೆ) ಜಾಲತಾಣದಿಂದ ಇಬ್ಬರದೂ ಐ-94 ತೆಗೆದು, ಕೊನೆಯ ದಿನಾಂಕ ನೋಡಿದೆ. ಸಾಮಾನ್ಯವಾಗಿ ಆರು ತಿಂಗಳು ಇರುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಪಾಸ್‌ಪೋರ್ಟ್ ಮುಗಿಯುವ ದಿನವನ್ನು ಹೋಲಿಸಿ ನೋಡಿ, ಎಷ್ಟೋ ಸಲ ಎರಡೂ ಒಂದೇ ಆಗಿರುತ್ತದೆ. ಆಗ ಮೊದಲು ಪಾಸ್‌ಪೋರ್ಟ್ ನವೀಕರಣ, ಆಮೇಲೆ ವಿಸ್ತರಣೆ. ಹುಡುಕಿದಾಗ ದಾಖಲೆ ಸಿಗದಿದ್ದರೆ ಗಾಬರಿ ಬೇಡ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇರುವವರಿಗೆ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿದಿಲ್ಲ ಎಂಬುದರ ಇಂಗ್ಲಿಷ್ ಸಂಕ್ಷೇಪ) ಎಂದು ಹಾಕಿರುತ್ತಾರೆ; ಹುಡುಕುವಾಗಲೂ ಹಾಗೇ ಹಾಕಿ ನೋಡಬೇಕು.

ಅರ್ಜಿ ಐ-94 ಮುಗಿಯುವ ಮೊದಲೇ ವಲಸೆ ಅರ್ಜಿಗಳನ್ನು ನೋಡುವ ಇಲಾಖೆ ಯುಎಸ್‌ಸಿಐಎಸ್‌ಗೆ ತಲುಪಿರಬೇಕು. ಕನಿಷ್ಠ 45 ದಿನ ಮುಂಚೆ ಹಾಕಿ ಎಂಬುದು ಅವರದೇ ಸಲಹೆ. ಅಂಚೆಯಲ್ಲಿ ಕಳಿಸಿದ ಅರ್ಜಿಗೆ ಸಹಿ ಇಲ್ಲದಿದ್ದರೆ ಅಥವಾ ಶುಲ್ಕ ತಪ್ಪಾಗಿದ್ದರೆ ಇಡೀ ಕಟ್ಟು ವಾಪಸ್ ಬರುತ್ತದೆ, ಮೊದಲು ತಲುಪಿದ ದಿನಾಂಕ ಲೆಕ್ಕಕ್ಕೆ ಬರುವುದಿಲ್ಲ. ಅಷ್ಟರಲ್ಲಿ ಐ-94 ಮುಗಿದಿದ್ದರೆ ಕೆಲಸ ಕೆಟ್ಟಿತು. ಈ ಕಾರಣಕ್ಕೇ ನಾನು ಆನ್‌ಲೈನ್ ಆರಿಸಿದ್ದು: ರಸೀದಿ ಸಂಖ್ಯೆ ಕೂಡಲೇ ಬರುತ್ತದೆ. 2024ರ ಏಪ್ರಿಲ್ 1ರಿಂದ ಆನ್‌ಲೈನ್ ಶುಲ್ಕ 420 ಡಾಲರ್, ಕಾಗದದ ಅರ್ಜಿಗೆ 470. ಬಯೋಮೆಟ್ರಿಕ್ಸ್‌ಗೆಂದು (ಬೆರಳಚ್ಚು, ಫೋಟೋ) ಮೊದಲಿದ್ದ 85 ಡಾಲರ್ ಈಗಿಲ್ಲ. ಆದರೂ ಹಾಕುವ ದಿನ ದರಪಟ್ಟಿ ಒಮ್ಮೆ ನೋಡಿ. ಗಂಡ-ಹೆಂಡತಿ ಒಂದೇ ಅರ್ಜಿಯಲ್ಲಿ ಬರಬಹುದು. ಎರಡನೆಯವರಿಗೆ ಐ-539ಎ ಎಂಬ ಪೂರಕ ಅರ್ಜಿ, ಅದಕ್ಕೆ ಅವರದೇ ಸಹಿ.

ಯುಎಸ್‌ಸಿಐಎಸ್ ಆನ್‌ಲೈನ್ ಖಾತೆ ಅಪ್ಪನ ಹೆಸರಿನಲ್ಲಿ, ಅವರದೇ ಇಮೇಲಿನಲ್ಲಿ ತೆರೆಯಬೇಕು, ಮಗನ ಹೆಸರಿನಲ್ಲಲ್ಲ. ಅರ್ಜಿ ತುಂಬಿದವರು ಮಕ್ಕಳಾದರೆ ‘ಪ್ರಿಪೇರರ್’ (ಅರ್ಜಿ ಸಿದ್ಧಪಡಿಸಿದವರು) ಭಾಗದಲ್ಲಿ ಅವರ ವಿವರ ಹೋಗಬೇಕು, ಪ್ರಶ್ನೆಗಳನ್ನು ಕನ್ನಡದಲ್ಲಿ ಓದಿ ಹೇಳಿದ್ದರೆ ‘ಇಂಟರ್‌ಪ್ರಿಟರ್’ (ದುಭಾಷಿ) ಭಾಗವೂ ತುಂಬಬೇಕು. ಹೆಚ್ಚಿನವರು ಇದನ್ನು ಖಾಲಿ ಬಿಡುತ್ತಾರೆ.

ಇಡೀ ಕಡತದ ಜೀವ ಇರುವುದು ಕಾರಣದ ಪತ್ರದಲ್ಲಿ. ಒಂದು ಪುಟ ಸಾಕು. ಮೂರು ಪ್ರಶ್ನೆಗೆ ಉತ್ತರ ಇರಬೇಕು: ಬಂದ ಉದ್ದೇಶ ಆರು ತಿಂಗಳಲ್ಲಿ ಯಾಕೆ ಮುಗಿಯಲಿಲ್ಲ, ಯಾವ ದಿನಕ್ಕೆ ಮುಗಿಯುತ್ತದೆ, ಆಮೇಲೆ ಹೊರಡುವ ವ್ಯವಸ್ಥೆ ಏನು. ‘ಇನ್ನಷ್ಟು ದಿನ ಮೊಮ್ಮಕ್ಕಳ ಜೊತೆ ಇರಬೇಕೆನಿಸಿದೆ’ ಎಂಬುದಕ್ಕೆ ಕೊನೆಯೇ ಇಲ್ಲ, ಅದನ್ನು ಓದುವ ಅಧಿಕಾರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಸೊಸೆಯ ಹೆರಿಗೆಯ ದಿನಾಂಕ, ಮಂಡಿ ಶಸ್ತ್ರಚಿಕಿತ್ಸೆಯ ನಂತರದ ಫಿಸಿಯೋಥೆರಪಿ, ಮಗಳ ಪದವಿ ಪ್ರದಾನ, ಇಂಥವಕ್ಕೆ ತಾರೀಖು ಇದೆ, ಕಾಗದವೂ ಇದೆ. ಆರು ತಿಂಗಳವರೆಗೆ ಕೇಳಬಹುದು ಎಂದು ಆರೂ ತಿಂಗಳು ಕೇಳಬೇಡಿ. ಕಾರಣ ಹತ್ತು ವಾರದ್ದಾದರೆ ಅಷ್ಟೇ ಕೇಳಿ. ಇನ್ನೊಂದು ಮಾತು: ನಿಜವಾದ ಕಾರಣ ಮಗು ನೋಡಿಕೊಳ್ಳಲು ಜನ ಸಿಗದಿರುವುದಾದರೆ ಈ ಅರ್ಜಿ ಅದಕ್ಕಲ್ಲ. ಅಧಿಕಾರಿ ಅದನ್ನು ಕೆಲಸ ಎಂದು ಓದಬಹುದು, ಬಿ-2ರಲ್ಲಿ ಕೆಲಸಕ್ಕೆ ಅವಕಾಶವಿಲ್ಲ.

ಚಿಕಿತ್ಸೆಯ ಕಾರಣವಾದರೆ ವೈದ್ಯರ ಪತ್ರ ಲೆಟರ್‌ಹೆಡ್‌ನಲ್ಲಿರಲಿ. ಕಾಯಿಲೆ ಏನು, ಚಿಕಿತ್ಸೆ ಯಾವಾಗ ಮುಗಿಯುತ್ತದೆ, ಈಗ ವಿಮಾನ ಪ್ರಯಾಣ ಯಾಕೆ ಬೇಡ ಎಂಬ ಮೂರೂ ಅದರಲ್ಲಿ ಬರಬೇಕು. ‘ವಿಶ್ರಾಂತಿ ಬೇಕು’ ಎಂಬ ಒಂದು ಸಾಲಿನ ಪತ್ರ ದಂಡ. ಖರ್ಚು ಯಾರದು ಎಂಬುದಕ್ಕೂ ಪುರಾವೆ ಜೊತೆಗಿರಲಿ.

ಹಣದ ಪುರಾವೆಗೆ ಅಪ್ಪನ ಬ್ಯಾಂಕ್ ಸ್ಟೇಟ್‌ಮೆಂಟ್, ಪಿಂಚಣಿ ದಾಖಲೆ. ಮಕ್ಕಳು ಖರ್ಚು ನೋಡಿಕೊಳ್ಳುವುದಾದರೆ ಹಾಗೆಂದು ಘೋಷಿಸುವ ಐ-134 ನಮೂನೆ, ಜೊತೆಗೆ ಸಂಬಳದ ಚೀಟಿ, ತೆರಿಗೆ ರಿಟರ್ನ್. ಊರಿಗೆ ಮರಳುತ್ತಾರೆ ಎನ್ನುವುದಕ್ಕೆ ಮನೆ ಕಂದಾಯದ ರಸೀದಿ, ಪಹಣಿ, ದಿನಾಂಕ ಬದಲಿಸಿದ ವಾಪಸ್ ಟಿಕೆಟ್. ಪಹಣಿ, ಖಾತೆ ಕನ್ನಡದಲ್ಲಿರುವುದರಿಂದ ಪೂರ್ತಿ ಇಂಗ್ಲಿಷ್ ಅನುವಾದ ಬೇಕು. ಅನುವಾದ ಪೂರ್ಣವೂ ನಿಖರವೂ ಆಗಿದೆ, ಎರಡೂ ಭಾಷೆ ತನಗೆ ಬರುತ್ತದೆ ಎಂದು ಅನುವಾದಕರು ಬರೆದು ಸಹಿ ಹಾಕಬೇಕು. ಕುಟುಂಬದ ಹೊರಗಿನವರಿಂದ ಮಾಡಿಸುವುದು ಒಳ್ಳೆಯದು. ಪ್ರಯಾಣ ವಿಮೆಯನ್ನೂ ಮುಗಿಯುವ ಮೊದಲೇ ವಿಸ್ತರಿಸಿಬಿಡಿ. ಅರ್ಜಿಗೆ ಕಡ್ಡಾಯವಲ್ಲ, ಜೇಬಿಗೆ ಕಡ್ಡಾಯ.

ಅರ್ಜಿ ತಲುಪಿದ ಮೇಲೆ ಐ-797ಸಿ ರಸೀದಿ ಬರುತ್ತದೆ. ನಿರ್ಧಾರ ಮಾತ್ರ ನೀವು ಕೇಳಿದ ದಿನಾಂಕ ದಾಟಿದ ಮೇಲೂ ಬರಬಹುದು. ಸಕಾಲದಲ್ಲಿ ಹಾಕಿದ, ಹುರುಳಿರುವ ಅರ್ಜಿ ಬಾಕಿ ಇರುವಾಗ, ಕೆಲಸ ಮಾಡದೆ ಇದ್ದರೆ, ಅಕ್ರಮ ವಾಸದ ದಿನಗಳು ಕೂಡುತ್ತ ಹೋಗುವುದಿಲ್ಲ. ತಿರಸ್ಕೃತವಾದರೆ ಮರುದಿನದಿಂದಲೇ ಎಣಿಕೆ ಶುರು. ಅದು 180 ದಿನ ದಾಟಿ ಹೊರಟವರಿಗೆ ಮೂರು ವರ್ಷ, ಒಂದು ವರ್ಷ ಮುಟ್ಟಿದವರಿಗೆ ಹತ್ತು ವರ್ಷ ಮರುಪ್ರವೇಶ ನಿಷೇಧ. ಹಾಗಾಗಿ ಉತ್ತರ ಬರದಿದ್ದರೂ ಕೇಳಿದ ದಿನಾಂಕದೊಳಗೆ ಹೊರಟುಬಿಡಬೇಕು. ಐ-797ಸಿ, ಅರ್ಜಿಯ ಪ್ರತಿ, ಬೋರ್ಡಿಂಗ್ ಪಾಸ್ ಮೂರನ್ನೂ ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ. ಮುಂದಿನ ಸಲ ಬಂದಿಳಿದಾಗ ‘ಹೋದ ಸಲ ಆರು ತಿಂಗಳು ಮೀರಿ ಇದ್ದಿರಲ್ಲ?’ ಎಂದು ಕೇಳಿದರೆ ತೋರಿಸಲು ಇರುವುದು ಅವೇ.